ಪ್ರಯತ್ನ ಎಲ್ಲಿ ಸಿಕ್ಕಿಕೊಂಡಿದೆ?

ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೆಎಎಸ್, ಪಿಡಿಒ ಪರೀಕ್ಷೆಗೆ ಓದುತ್ತಿರುವ ಮಕ್ಕಳಿದ್ದಾರೆ. ತೋಟ, ಕೊಟ್ಟಿಗೆ ಕೆಲಸ ಮುಗಿಸಿ ಬಸ್ಸು ಹಿಡಿದು ಬಂದವರಿದ್ದಾರೆ. ನಿವೃತ್ತರಿದ್ದಾರೆ, ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಒಬ್ಬರಿಗೆ ಸಕ್ಕರೆ ಹತೋಟಿಗೆ ಬರಬೇಕು, ಒಬ್ಬರಿಗೆ ಇಂಗ್ಲಿಷ್ ಮಾತಾಡಲು ಬರಬೇಕು, ಒಬ್ಬರಿಗೆ ಸಿಟ್ಟು ಇಳಿಯಬೇಕು, ಇನ್ನೊಬ್ಬರಿಗೆ ಫೋನ್ ಬಿಟ್ಟು ಪುಸ್ತಕ ಹಿಡಿಯಬೇಕು. ಗುರಿ ಬೇರೆ ಬೇರೆಯಾದರೂ ಬಾಯಲ್ಲಿ ಬರುವ ಮಾತು ಒಂದೇ: "ಎಲ್ಲ ಮಾಡಿ ನೋಡಿದೆ, ಇದ್ದಲ್ಲೇ ಇದ್ದೇನೆ."

ಈ ಮಾತಿನ ಬೆನ್ನಿಗೇ ಒಂದು ತೀರ್ಪು ಬರುತ್ತದೆ, ನನಗೆ ಮನೋಬಲ ಸಾಲದು ಎಂದು. ತೀರ್ಪು ಬಂದ ಮೇಲೆ ಶಿಕ್ಷೆ. ನಾಳೆಯಿಂದ ನಾಲ್ಕು ಗಂಟೆಗೆ ಏಳುವುದು, ಒಂದು ಗಂಟೆ ಓದುತ್ತಿದ್ದವರು ಮೂರು ಗಂಟೆ ಓದುವುದು, ದೇವರ ಮುಂದೆ ಇನ್ನೂ ದೊಡ್ಡ ಶಪಥ. ವಾರ ಕಳೆಯುವುದರೊಳಗೆ ಅದೂ ಬಿದ್ದುಹೋಗುತ್ತದೆ, ತೀರ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ: ಬಲ ಹೆಚ್ಚಿಸುವ ಮೊದಲು ಪ್ರಯತ್ನ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ. ಸಿಕ್ಕಿಕೊಳ್ಳುವ ಜಾಗಗಳು ಹಲವು. ಒಬ್ಬರು ಮಾಡುತ್ತಿರುವುದನ್ನೇ ತಾಳ್ಮೆಯಿಂದ ಮುಂದುವರಿಸಬೇಕಾಗುತ್ತದೆ. ಇನ್ನೊಬ್ಬರು ಕ್ರಮವನ್ನೇ ಬದಲಿಸಬೇಕು. ಮತ್ತೊಬ್ಬರು ಪ್ರಮಾಣ ಇಳಿಸಬೇಕು, ಮಗದೊಬ್ಬರು ವೈದ್ಯರ ಹತ್ತಿರ ಹೋಗಬೇಕು. ಇವರೆಲ್ಲರಿಗೂ "ಇನ್ನೂ ಜೋರಾಗಿ ಪ್ರಯತ್ನಿಸು" ಎಂಬ ಒಂದೇ ಮದ್ದು ಕೊಟ್ಟರೆ ಕೆಲವರ ಸ್ಥಿತಿ ಹದಗೆಡುತ್ತದೆ.

ಮೊದಲು ಹದಿನಾಲ್ಕು ದಿನದ ಲೆಕ್ಕ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಸಾಲು, ನಾಲ್ಕು ಕಲಂ. ಅಂದುಕೊಂಡ ಕೆಲಸ ಆಯಿತೇ ಇಲ್ಲವೇ ಎಂಬುದು ಮೊದಲ ಕಲಂ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ನಿಮಿಷ ಎಂಬುದು ಎರಡನೆಯದು. ಅದಕ್ಕೆ ಸ್ವಲ್ಪ ಮೊದಲು ಏನು ಮಾಡುತ್ತಿದ್ದಿರಿ ಎಂಬುದು ಮೂರನೆಯದು. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಎಂಬುದು ನಾಲ್ಕನೆಯದು. ಮಲಗುವ ಮುಂಚೆ ಬರೆಯಿರಿ, ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಈ ಹದಿನಾಲ್ಕು ದಿನ ಬೇರೇನನ್ನೂ ಬದಲಿಸಬೇಡಿ. ಹದಿನಾಲ್ಕೇ ಯಾಕೆಂದರೆ ಎರಡು ಭಾನುವಾರ, ಎರಡು ಸಂತೆ, ಒಂದಿಬ್ಬರು ನೆಂಟರು, ಒಂದೆರಡು ಕರೆಂಟ್ ಹೋದ ಸಂಜೆ ಅದರೊಳಗೆ ಬಂದೇ ಬರುತ್ತವೆ. ನಿಮ್ಮ ನಿಜವಾದ ಬದುಕು ಲೆಕ್ಕಕ್ಕೆ ಸಿಗಬೇಕು.

"ಇವತ್ತು ಪರವಾಗಿಲ್ಲ" ಎಂದು ಬರೆದರೆ ಉಪಯೋಗವಿಲ್ಲ. "ಬೆಳಿಗ್ಗೆ 6:10, ಜಗಲಿ, 22 ನಿಮಿಷ ನಡಿಗೆ, ಅದಕ್ಕೆ ಮೊದಲು ಬಚ್ಚಲೊಲೆಗೆ ಬೆಂಕಿ" ಎಂದು ಬರೆದರೆ ಅದು ದಾಖಲೆ. ತಪ್ಪಿದ ದಿನ ಕಾರಣವನ್ನು ಒಂದೆರಡು ಪದದಲ್ಲಿ ಹಾಕಿ: ಮಳೆ, ನೆಂಟರು, ತಲೆನೋವು, ಫೋನ್. ಇದರಲ್ಲಿ ಕೆಡುವುದು ಎರಡು ಕಡೆ. ಭಾನುವಾರ ಕೂತು ನಾಲ್ಕು ದಿನದ್ದನ್ನು ಒಟ್ಟಿಗೆ ತುಂಬಿಸುವುದು ಒಂದು. ನೆನಪು ಆಗಲೇ ಬಣ್ಣ ಬಳಿದಿರುತ್ತದೆ. ತಪ್ಪಿದ ದಿನದ ಸಾಲನ್ನೇ ಬಿಟ್ಟುಬಿಡುವುದು ಇನ್ನೊಂದು. ನಮಗೆ ಮುಖ್ಯವಾಗಿ ಬೇಕಾದದ್ದು ಆ ಸಾಲುಗಳೇ.

ಹದಿನೈದನೆಯ ದಿನ ಎಣಿಸಿ. ಹದಿನಾಲ್ಕರಲ್ಲಿ ಹತ್ತು ಅಥವಾ ಹೆಚ್ಚು ದಿನ ಕೆಲಸ ನಡೆದಿದ್ದೂ ಫಲ ಕಾಣದಿದ್ದರೆ ತೊಂದರೆ ಕ್ರಮದಲ್ಲೋ ಅಳತೆಯಲ್ಲೋ ಇದೆ. ಏಳಕ್ಕಿಂತ ಕಡಿಮೆಯಾಗಿದ್ದರೆ ಕೆಲಸವೇ ನಡೆಯುತ್ತಿಲ್ಲ, ಕ್ರಮದ ಚರ್ಚೆ ಈಗ ಬೇಡ. ನಡುವೆ ಇದ್ದರೆ ತಪ್ಪಿದ ದಿನಗಳನ್ನು ಪಕ್ಕಪಕ್ಕ ಇಟ್ಟು, ಅವುಗಳಲ್ಲಿ ಸಮಾನವಾದದ್ದೇನು ಎಂದು ನೋಡಿ. ಈ ಗಡಿಗಳು ಕೆಲಸಕ್ಕೆ ಅನುಕೂಲವಾಗಲೆಂದು ಹಾಕಿಕೊಂಡವು, ವಿಜ್ಞಾನದ ನಿಯಮಗಳಲ್ಲ. ಆದರೆ ಎಣಿಸದೆ ಹೋದವರು ಸಾಮಾನ್ಯವಾಗಿ ತಪ್ಪು ಕಡೆ ರಿಪೇರಿ ಶುರು ಮಾಡುತ್ತಾರೆ. "ದಿನಾ ಓದುತ್ತೇನೆ" ಎಂದು ನಂಬಿದವರ ಪುಸ್ತಕದಲ್ಲಿ ಆರು ದಿನ ಕಾಣುವುದು ಅಪರೂಪವಲ್ಲ.

ಕೆಲಸವೇ ನಡೆಯುತ್ತಿಲ್ಲವಾದರೆ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. 22ನೆಯ ದಿನವೂ ಕಷ್ಟವೇ ಆದಾಗ ಎಷ್ಟೋ ಜನ ಬಿಟ್ಟುಬಿಡುವುದು ಈ ಮಾತನ್ನು ನಂಬಿಯೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಪ್ರತಿಯೊಬ್ಬರೂ ಒಂದು ಚಿಕ್ಕ ಕೆಲಸವನ್ನು ದಿನದ ಒಂದು ಗೊತ್ತಾದ ಹೊತ್ತಿಗೆ ಜೋಡಿಸಿಕೊಂಡಿದ್ದರು. ಕೆಲಸ ತಂತಾನೇ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು. ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರ ಅಂದಾಜು 254ಕ್ಕೆ ಹೋಯಿತು. 84 ದಿನದಾಚೆಯ ಅಂಕಿಗಳು ಲೆಕ್ಕಾಚಾರದಿಂದ ಬಂದ ಅಂದಾಜುಗಳು ಎಂಬುದೂ ನೆನಪಿರಲಿ. ನೀರು ಕುಡಿಯುವಂಥ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನವಾಯಿತು. ನಮಗೆ ಅತ್ಯಂತ ಉಪಯೋಗದ ಅಂಶ ಇನ್ನೊಂದಿದೆ: ಒಂದು ದಿನ ತಪ್ಪಿದ್ದರಿಂದ ಒಟ್ಟು ಪ್ರಗತಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹಾಗಾದರೆ ಕೆಲಸ ನಡೆಯದಿರುವುದು ಯಾಕೆ? ಹೆಚ್ಚಿನ ಸಲ ಅದಕ್ಕೆ ಗೂಟವಿಲ್ಲ, ಅಂದರೆ ಅದನ್ನು ಕಟ್ಟಿಹಾಕಲು ಗೊತ್ತಾದ ಕ್ಷಣವಿಲ್ಲ. "ಬೆಳಿಗ್ಗೆ ಓದುತ್ತೇನೆ" ಎಂದರೆ ಬೆಳಿಗ್ಗೆ ಎನ್ನುವುದು ನಾಲ್ಕು ಗಂಟೆಯಷ್ಟು ಉದ್ದ. ಅದರೊಳಗೆ ಯಾವ ಕ್ಷಣ ಎಂದು ಪ್ರತಿದಿನ ಹೊಸದಾಗಿ ತೀರ್ಮಾನಿಸಬೇಕು, ಪ್ರತಿ ತೀರ್ಮಾನದಲ್ಲೂ ಸೋಲುವ ಅವಕಾಶವಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದಕ್ಕೆ ಕಂಡುಕೊಂಡ ಉಪಾಯ ತೀರಾ ಸರಳ: "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ವಾಕ್ಯ ಕಟ್ಟಿಡುವುದು. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಸಂಕಲ್ಪ ಮಾಡಿದವರಿಗಿಂತ ಹೀಗೆ ವಾಕ್ಯ ಕಟ್ಟಿದವರು ಗುರಿ ಮುಟ್ಟುವುದು ಗಣನೀಯವಾಗಿ ಹೆಚ್ಚು ಎಂದು ಕಂಡುಬಂತು.

ವಾಕ್ಯ ಕಟ್ಟುವುದರಲ್ಲೂ ಎಡವಟ್ಟಾಗುತ್ತದೆ. ಗೂಟ ಪ್ರತಿದಿನ ಬರುವಂಥದ್ದಾಗಿರಬೇಕು, ಒಂದು ಕ್ಷಣದಲ್ಲಿ ಮುಗಿಯುವಂಥದ್ದಾಗಿರಬೇಕು, ಕೆಲಸ ಮಾಡುವ ಜಾಗದ ಹತ್ತಿರವೇ ಇರಬೇಕು. "ತಿಂಡಿ ಆದ ಮೇಲೆ" ಸಡಿಲ. "ತಿಂಡಿ ತಟ್ಟೆ ತೊಳೆದು ಬೋರಲು ಹಾಕಿದ ಕೂಡಲೇ" ಬಿಗಿ. ನಮ್ಮ ಮನೆಗಳಲ್ಲಿ ಒಳ್ಳೆಯ ಗೂಟಗಳಿಗೇನೂ ಬರವಿಲ್ಲ. ಬಚ್ಚಲೊಲೆಗೆ ಬೆಂಕಿ ಹಾಕಿದ ಮೇಲೆ ಹಂಡೆ ಕಾಯುವವರೆಗಿನ ಹೊತ್ತು, ಡೈರಿಗೆ ಹಾಲು ಹಾಕಿ ಬಂದು ಕ್ಯಾನು ಇಟ್ಟ ಕ್ಷಣ, ಸಂಜೆ ದೀಪ ಹಚ್ಚಿದ ಕ್ಷಣ. ಪಟ್ಟಣದಲ್ಲಿ ಕುಕ್ಕರ್ ಇಳಿಸಿದ ಹೊತ್ತು, ಮಕ್ಕಳು ಶಾಲೆ ವ್ಯಾನ್ ಹತ್ತಿದ ಹೊತ್ತು. ಗೂಟ ಸಿಕ್ಕ ಮೇಲೆ ಹಾದಿ ಸುಗಮ ಮಾಡಿ. ನಾಳೆ ಓದಬೇಕಾದ ಪುಟ ಇವತ್ತೇ ತೆರೆದಿರಲಿ, ಪೆನ್ನು ಅದರ ಮೇಲೇ ಇರಲಿ. ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗಿರಲಿ. ಏಳುವುದಕ್ಕೆ ಅಲಾರಂ ಗಡಿಯಾರ ಇಟ್ಟುಕೊಳ್ಳಿ. "ಅಲಾರಂಗೋಸ್ಕರ ಫೋನ್ ತಲೆ ಹತ್ತಿರ" ಎಂಬ ಒಂದೇ ಕಾರಣಕ್ಕೆ ಬೆಳಗಿನ ನಲವತ್ತು ನಿಮಿಷ ಹಾಸಿಗೆಯಲ್ಲೇ ಕರಗುತ್ತದೆ.

ಇನ್ನು ಮಲೆನಾಡಿನವರಾಗಿ ನಾವು ಮಾಡಲೇಬೇಕಾದ ಒಂದು ಕೆಲಸವಿದೆ. ಯೂಟ್ಯೂಬಿನಲ್ಲಿ ಸಿಗುವ ವೇಳಾಪಟ್ಟಿಗಳಿಗೆ ನಮ್ಮ ಮಳೆಗಾಲ ಗೊತ್ತಿಲ್ಲ. ಯುಗಾದಿಗೆ ಶುರುವಾದ ಬೆಳಗಿನ ನಡಿಗೆ ಜೂನ್‌ನಲ್ಲಿ ನಿಲ್ಲುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹಿಡಿದು ಕೂತರೆ ತೀರ್ಥಹಳ್ಳಿ, ಹೊಸನಗರದ ಕಡೆ ಹೊರಗೆ ಕಾಲಿಡುವುದೇ ಕಷ್ಟ. ಅಂಗಳ ಪಾಚಿಗಟ್ಟಿ ಜಾರುತ್ತದೆ, ಅರವತ್ತು ದಾಟಿದವರಿಗೆ ಅಲ್ಲಿ ನಡೆಯುವುದು ಅಪಾಯ ಕೂಡ. ಆಮೇಲೆ ದಸರಾ ಆಚೀಚೆಯಿಂದ ಸಂಕ್ರಾಂತಿವರೆಗೆ ಅಡಿಕೆ ಕೊಯ್ಲು. ಅಡಿಕೆ ಗೊನೆ ಇಳಿಸಿದ ದಿನ ಮನೆಮಂದಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿಯವರೆಗೆ ಸುಲಿಯುತ್ತಾರೆ, ಬೇಯಿಸುವ ಒಲೆ ಬೆಳಗಿನ ಜಾವದಿಂದಲೇ ಉರಿಯುತ್ತದೆ. ಅಂಥ ದಿನ ಒಂದು ಗಂಟೆ ಓದು ನಡೆಯುವುದಿಲ್ಲ. ಈ ಎರಡು ಅಂತರಗಳು ಪ್ರತಿವರ್ಷ ಬರುತ್ತವೆಂದು ನಮಗೆ ಗೊತ್ತು. ಆದರೂ ಪ್ರತಿವರ್ಷ ಅನಿರೀಕ್ಷಿತವಾಗಿ ಬಂದವು ಎಂಬಂತೆ ಸೋಲುತ್ತೇವೆ.

ಅಡಿಕೆಯ ಕೊಳೆರೋಗಕ್ಕೆ ನಾವು ಹೀಗೆ ಮಾಡುವುದಿಲ್ಲ. ಮಳೆ ಹಿಡಿಯುವ ಮೊದಲೇ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಸುತ್ತೇವೆ, 40–45 ದಿನಕ್ಕೆ ಇನ್ನೊಂದು ಸಲ. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಅಭ್ಯಾಸಕ್ಕೂ ಮೇ ತಿಂಗಳ ಕೊನೆಯಲ್ಲಿ ಒಂದು ಸಲ, ಕೊಯ್ಲಿಗೆ ಮುಂಚೆ ಒಂದು ಸಲ ಕೂತು ಪರ್ಯಾಯ ಬರೆದಿಡಿ. "ಏಳುವಾಗ ಮಳೆ ಬರುತ್ತಿದ್ದರೆ ಜಗಲಿಯಲ್ಲಿ 20 ನಿಮಿಷ ನಡೆಯುತ್ತೇನೆ. ಜಗಲಿ ತುಂಬ ಅಡಿಕೆ ಚೀಲ ಇದ್ದರೆ ಆರು ಸೂರ್ಯನಮಸ್ಕಾರ." ಮಂಡಿ ನೋವಿರುವವರು ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತರ ಮೂರು ಸುತ್ತು ಮಾಡಬಹುದು. ಕೊಯ್ಲಿನ ಕಾಲದ ಓದಿಗೆ ಕನಿಷ್ಠ ರೂಪ ಮೂರು ನಿಮಿಷ: ಹಿಂದೆ ಓದಿದ ಒಂದು ಪುಟವನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು, ಅಷ್ಟೇ. ಈ ಕನಿಷ್ಠ ರೂಪ ಕೆಟ್ಟ ದಿನಕ್ಕೆ ಮಾತ್ರ. ಅದೇ ದಿನನಿತ್ಯದ್ದಾದರೆ ಅಭ್ಯಾಸ ಜೀವಂತವಾಗಿರುತ್ತದೆ, ಆದರೆ ಬೆಳೆಯುವುದಿಲ್ಲ.

ಎಷ್ಟು ಮಾಡಿದರೂ ಕೆಲವು ದಿನ ತಪ್ಪುತ್ತದೆ. ತಪ್ಪಿದ ದಿನಕ್ಕಿಂತ ಹೆಚ್ಚು ಹಾನಿ ಮಾಡುವುದು ಅದರ ಮರುದಿನದ ಯೋಚನೆ: ಹೇಗೂ ತಪ್ಪಿತಲ್ಲ, ಸೋಮವಾರದಿಂದ ಹೊಸದಾಗಿ ಶುರು ಮಾಡಿದರಾಯಿತು. ತನ್ನನ್ನು ತಾನು ಬೈದುಕೊಂಡರೆ ಶಿಸ್ತು ಬರುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರೀಕ್ಷೆಯಲ್ಲಿ ಕೆಟ್ಟ ಅಂಕ ಬಂದಾಗ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಸೂಚನೆ ಪಡೆದವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಆದ್ದರಿಂದ ಬಿಟ್ಟ ಮೇಲೆ ಮತ್ತೆ ಹಿಡಿಯುವ ಕ್ರಮವನ್ನೂ ಮೊದಲೇ ಬರೆದಿಡಿ. ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮೊದಲ ಮೂರು ದಿನ ಅರ್ಧ ಪ್ರಮಾಣ, ನಾಲ್ಕನೆಯ ದಿನದಿಂದ ಮೊದಲಿನಷ್ಟು. ತಪ್ಪಿದ್ದನ್ನು ಸರಿದೂಗಿಸಲು ಒಂದೇ ದಿನ ದುಪ್ಪಟ್ಟು ಮಾಡುವುದು ಬೇಡ. ನಡಿಗೆಯಲ್ಲಿ ಅದು ಮಂಡಿಗೆ ಕುತ್ತು, ಓದಿನಲ್ಲಿ ಮರುದಿನದ ಓದಿಗೆ ಕುತ್ತು.

ನಡೆಯುತ್ತಿದೆ, ಫಲ ಕಾಣುತ್ತಿಲ್ಲವಾದರೆ

ಅಮೆರಿಕದಲ್ಲಿ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ಟೆಲಿಗ್ರಾಫ್ ಕಲಿಯುವವರನ್ನು ಅಭ್ಯಾಸ ಮಾಡಿ 1897 ಮತ್ತು 1899ರಲ್ಲಿ ಪ್ರಕಟಿಸಿದರು. ಸಂದೇಶ ಕಳಿಸುವ ವೇಗ ಸಮವಾಗಿ ಏರುತ್ತಿತ್ತು. ಬಂದ ಸಂದೇಶವನ್ನು ಕೇಳಿ ಬಿಡಿಸುವ ವೇಗ ಮಾತ್ರ ಒಂದು ಹಂತಕ್ಕೆ ಬಂದು ವಾರಗಟ್ಟಲೆ ನಿಂತು, ಆಮೇಲೆ ಮತ್ತೆ ಏರಿತು. ಅವರ ವಿವರಣೆ ಹೀಗಿತ್ತು: ಒಂದೊಂದೇ ಅಕ್ಷರವನ್ನು ಬಿಡಿಸುವುದು ಪೂರ್ತಿ ರೂಢಿಯಾಗುವವರೆಗೆ ಕಿವಿ ಇಡೀ ಪದವನ್ನು ಹಿಡಿಯಲಾರದು, ಹೊರಗೆ ನಿಂತಂತೆ ಕಾಣುವ ಕಾಲದಲ್ಲಿ ಒಳಗೆ ಆ ರೂಢಿ ಕೂಡುತ್ತಿರುತ್ತದೆ. ಇಂಥ ನಿಲುಗಡೆ ಎಲ್ಲ ಕಲಿಕೆಯಲ್ಲೂ ಬಂದೇ ಬರುತ್ತದೆ ಎಂಬುದನ್ನು ನಂತರದವರು ಒಪ್ಪಲಿಲ್ಲ, ಕಲಿಸುವ ಕ್ರಮ ಬದಲಾದರೆ ಅದು ಬಾರದೆಯೂ ಇರಬಹುದು. ಆದರೆ ನಿಂತದ್ದೆಲ್ಲ ಸೋಲಲ್ಲ ಎಂಬ ಮಾತು ಇವತ್ತಿಗೂ ನಿಲ್ಲುತ್ತದೆ.

ನಿಮ್ಮದು ಬೆಳೆಯುತ್ತಿರುವ ನಿಲುಗಡೆಯೋ ಬರೀ ನಿಲುಗಡೆಯೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಅಂಕ ಅಷ್ಟೇ ಇದ್ದರೂ ಅದಕ್ಕೆ ಬೇಕಾದ ಶ್ರಮ ಇಳಿದಿದೆಯೇ? ಅಥವಾ ತಪ್ಪುಗಳ ಜಾತಿ ಬದಲಾಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೆ ಇನ್ನೊಂದು ತಿಂಗಳು ಅದನ್ನೇ ಮುಂದುವರಿಸಿ. ಅದೇ ತಪ್ಪು, ಅಷ್ಟೇ ಶ್ರಮ, ಅದೇ ಜಾಗ ಎಂದಾದರೆ ನೀವು ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಿದ್ದೀರಿ.

ಇದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಪರೀಕ್ಷೆ ಓದಿನಲ್ಲಿ. ಗ್ರಂಥಾಲಯದಲ್ಲಿ ಎಂಟು ಗಂಟೆ ಕೂತು, ಬಣ್ಣದ ಪೆನ್ನಿನಿಂದ ಗೆರೆ ಎಳೆದು, ಅದೇ ನೋಟ್ಸನ್ನು ಐದನೆಯ ಸಲ ಓದುವವರಿದ್ದಾರೆ. ಐದನೆಯ ಸಲ ಎಲ್ಲ ಪರಿಚಿತವಾಗಿ ಕಾಣುತ್ತದೆ, ಪರಿಚಿತವಾದದ್ದು ನೆನಪಿದೆ ಎಂಬ ಭ್ರಮೆ ಹುಟ್ಟುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದು ಇದನ್ನೇ. ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ಶೇ 83 ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಶೇ 40 ನೆನಪಿತ್ತು, ಬರೆದವರಿಗೆ ಶೇ 61. ಪರೀಕ್ಷೆ ಯಾವತ್ತೂ ಐದು ನಿಮಿಷದ ನಂತರ ನಡೆಯುವುದಿಲ್ಲ.

ಮಾಡಬೇಕಾದದ್ದನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಸಂವಿಧಾನದ 14ರಿಂದ 18ನೆಯ ವಿಧಿಗಳನ್ನು ಒಂದು ಸಲ ನಿಧಾನವಾಗಿ ಓದಿ, ಪುಸ್ತಕ ಮುಚ್ಚಿ. ಬಿಳಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. 17 ಅಸ್ಪೃಶ್ಯತೆ, 18 ಬಿರುದುಗಳು ಎಂದು ಸುಲಭವಾಗಿ ಬರುತ್ತದೆ. 15ಕ್ಕೂ 16ಕ್ಕೂ ಬಂದಾಗ ಕೈ ನಿಲ್ಲುತ್ತದೆ. ತಾರತಮ್ಯ ಮಾಡಬಾರದ ಆಧಾರಗಳು ವಿಧಿ 15ರಲ್ಲಿ ಐದು: ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ. ಸರ್ಕಾರಿ ಉದ್ಯೋಗದ ಬಗ್ಗೆ ಹೇಳುವ ವಿಧಿ 16ರಲ್ಲಿ ಇವುಗಳ ಜೊತೆಗೆ ವಂಶ ಮತ್ತು ವಾಸಸ್ಥಳ. ಐದು ಸಲ ಓದಿದಾಗಲೂ ಈ ವ್ಯತ್ಯಾಸ ಕಣ್ಣಿಗೆ ಬಿದ್ದಿರುವುದಿಲ್ಲ. ಒಂದು ಸಲ ಬರೆಯಲು ಹೋದಾಗ ಎದುರಿಗೇ ನಿಲ್ಲುತ್ತದೆ. ಈಗ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿಸಿ. ನಾಳೆ ಕೆಂಪಿನಲ್ಲಿರುವುದನ್ನು ಮಾತ್ರ ನೆನಪಿಸಿಕೊಳ್ಳಿ. ಮತ್ತೆ ಮೂರನೆಯ ದಿನ, ಏಳನೆಯ ದಿನ, ಮೂರು ವಾರ ಆದಾಗ ಇನ್ನೊಂದು ಸಲ. ಈ ದಿನಗಳ ಅಂತರ ಒಂದಿಷ್ಟು ಹೆಚ್ಚುಕಡಿಮೆಯಾದರೆ ಏನೂ ಕೆಡುವುದಿಲ್ಲ, ಅಂತರ ಹಿಗ್ಗುತ್ತಾ ಹೋದರಾಯಿತು. ಮೊದಲ ಹತ್ತು ದಿನ ಈ ಕ್ರಮ ಬೇಸರ ತರಿಸುತ್ತದೆ. ದಿನಕ್ಕೆ ನಲವತ್ತು ಪುಟ ಓದುತ್ತಿದ್ದವರು ಹದಿನೈದಕ್ಕೆ ಇಳಿಯುತ್ತಾರೆ, ಹಿಂದೆ ಬಿದ್ದೆವು ಎಂಬ ಹೆದರಿಕೆ ಹುಟ್ಟುತ್ತದೆ. ಇಷ್ಟಕ್ಕೇ ಬಿಟ್ಟು ಹಳೆಯ ಓದಿಗೆ ಹೋಗುವವರು ಬಹಳ. ದಯವಿಟ್ಟು ಒಂದು ತಿಂಗಳು ಹಿಡಿದು ನೋಡಿ.

ಇಂಗ್ಲಿಷ್ ಮಾತಿಗೂ ಇದೇ ಮಾತು ಅನ್ವಯಿಸುತ್ತದೆ. ವ್ಯಾಕರಣದ ಪುಸ್ತಕ, ದಿನಕ್ಕೆ ಹತ್ತು ಹೊಸ ಪದ, ವಿಡಿಯೊ ಕೇಳುವುದು, ಇವುಗಳಲ್ಲಿ ಬಾಯಿಗೆ ಕೆಲಸವೇ ಇಲ್ಲ. ಒಂದು ವಿಷಯ ಇಟ್ಟುಕೊಳ್ಳಿ, ಉದಾಹರಣೆಗೆ ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿ ಹೇಳುವುದು. ಎರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡು, ಎಲ್ಲೆಲ್ಲಿ ಮಾತು ನಿಂತಿತೋ ಆ ಮೂರು ಜಾಗ ಗುರುತು ಹಾಕಿ. ಮೂರಕ್ಕೂ ಸರಿಯಾದ ವಾಕ್ಯ ಬರೆದು ಐದೈದು ಸಲ ಗಟ್ಟಿಯಾಗಿ ಹೇಳಿ. ಅದೇ ವಿಷಯವನ್ನು ಮತ್ತೆ ರೆಕಾರ್ಡ್ ಮಾಡಿ. ಮೂರು ದಿನ ಒಂದೇ ವಿಷಯ. ದಿನಕ್ಕೊಂದು ಹೊಸ ವಿಷಯ ಹಿಡಿದರೆ ಪ್ರತಿದಿನವೂ ಹೊಸ ಕಡೆ ತೊದಲಿ, ಯಾವುದನ್ನೂ ದಾಟದೆ ಉಳಿಯುತ್ತೀರಿ. ಗಮಕ, ಸಂಗೀತ ಕಲಿಯುವವರಿಗೆ ಇದು ಹೊಸದಲ್ಲ. ಒಳ್ಳೆಯ ಗುರುಗಳು ತಪ್ಪಿದ ಸಾಲನ್ನು ಹಿಡಿದು ಅದನ್ನೇ ಹೇಳಿಸುತ್ತಾರೆ, ಪದ್ಯದ ಮೊದಲಿಗೆ ಹೋಗಗೊಡುವುದಿಲ್ಲ.

ಅಳತೆಯ ಬಗ್ಗೆ ಒಂದೆರಡು ಮಾತು ಸಾಕು. ತೂಕ ದಿನದಿಂದ ದಿನಕ್ಕೆ ನೀರು, ಉಪ್ಪು, ಊಟದ ಮೇಲೆ ಏರಿಳಿಯುತ್ತದೆ, ವಾರದ ಸರಾಸರಿ ನೋಡಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ, ಹದಿನೈದು ದಿನ ನಡೆದು ಅದನ್ನು ಮಾಡಿಸಿದರೆ ನಿರಾಸೆ ಖಚಿತ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ; ಹಾಡಲು ಆಗದಷ್ಟು, ಮಾತಾಡಲು ಆಗುವಷ್ಟು ಏದುಸಿರು ಬರಬೇಕು. ತೋಟದಲ್ಲಿ ಗೊನೆ ನೋಡಿಕೊಂಡು ನಿಧಾನ ಸುತ್ತುವುದನ್ನು ಇದಕ್ಕೆ ಸೇರಿಸಿ ಲೆಕ್ಕ ಹಾಕುವವರಿದ್ದಾರೆ, ಅದು ಸೇರುವುದಿಲ್ಲ. ನಡಿಗೆ ಶುರುವಾಯಿತೆಂದು ಮಾತ್ರೆ ಬಿಡುವುದಂತೂ ಕೂಡದು.

ದೇಹ, ಮನಸ್ಸು ಸೋತಿದ್ದರೆ

ನೋಟ್‌ಬುಕ್ಕಿನಲ್ಲಿ ನಿದ್ದೆಯ ಆ ನಾಲ್ಕನೆಯ ಕಲಂ ಯಾಕೆ ಇಟ್ಟದ್ದು ಎಂದು ಈಗ ಹೇಳುತ್ತೇನೆ. ನಿದ್ದೆಯ ಸಂಶೋಧಕ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿಯವರೆಗೂ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಅದಕ್ಕಿಂತ ಗಂಭೀರವಾದದ್ದು, ತಾವು ಅಷ್ಟು ಕುಗ್ಗಿದ್ದೇವೆಂಬುದು ಅವರ ಅರಿವಿಗೇ ಬಂದಿರಲಿಲ್ಲ. ನಾಲ್ಕು ಗಂಟೆಗೆ ಏಳುವ ಶಪಥ ಮಾಡಿ ಹನ್ನೊಂದೂವರೆಗೆ ಮಲಗುವವರು ತಮ್ಮ ಪ್ರಯತ್ನವನ್ನು ತಾವೇ ಕತ್ತರಿಸುತ್ತಿದ್ದಾರೆ. ಬೇಗ ಏಳಬೇಕೆಂದರೆ ಮೊದಲು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ, ವಾರಕ್ಕೆ 15 ನಿಮಿಷದಂತೆ.

ಏಳೆಂಟು ಗಂಟೆ ಮಲಗಿದರೂ ದಣಿವು ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತಹೀನತೆಯನ್ನು ಸೋಮಾರಿತನ ಎಂದು ಕರೆದುಕೊಂಡು ವರ್ಷಗಟ್ಟಲೆ ನರಳುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಡುವುದು ಖಿನ್ನತೆಯ ಲಕ್ಷಣ. ಅದಕ್ಕೆ ವೇಳಾಪಟ್ಟಿ ಮದ್ದಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಲ್ಲಿಯೇ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಮಾತಾಡಿ.

ಸಭಿಕರ ಪ್ರಶ್ನೆಗಳು

"ಮನೆಯಲ್ಲಿ ನನಗೆ ಅಂತ ಹತ್ತು ನಿಮಿಷವೂ ಸಿಗೋದಿಲ್ಲ. ಇದೆಲ್ಲ ನಮ್ಮಂಥವರಿಗೆ ಹೇಗೆ ಸಾಧ್ಯ?"

ಅಕ್ಕ, ನಿಮ್ಮ ಪ್ರಶ್ನೆ ಅಭ್ಯಾಸದ್ದಲ್ಲ, ಮನೆಯ ಕೆಲಸ ಹಂಚಿಕೆಯದ್ದು. ಅದನ್ನು ನಿಮ್ಮ ಮನೋಬಲದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. "ನನಗೂ ಸ್ವಲ್ಪ ಸಹಾಯ ಮಾಡಿ" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಮಾಡುವುದಿಲ್ಲ. ಒಂದು ಕೆಲಸ, ಒಬ್ಬರ ಹೆಸರು, ಒಂದು ಹೊತ್ತು ಹೇಳಿ: ಸಂಜೆ 7ರಿಂದ 7:20ರವರೆಗೆ ಒಲೆ ಕಡೆ ಇವರು ನೋಡಿಕೊಳ್ಳಬೇಕು, ಅಷ್ಟು ಹೊತ್ತು ನಾನು ಬಾಗಿಲು ಹಾಕಿಕೊಂಡಿರುತ್ತೇನೆ. ಮೊದಲ ವಾರ ಅನ್ನ ತಳ ಹಿಡಿಯುತ್ತದೆ, ಹಿಡಿಯಲಿ. ನೀವು ಎದ್ದು ಹೋಗಿ ಸರಿಮಾಡಿದರೆ ಆ ಇಪ್ಪತ್ತು ನಿಮಿಷ ಮತ್ತೆ ಸಿಗುವುದಿಲ್ಲ. ಇಲ್ಲಿರುವ ಗಂಡಸರಿಗೂ ಒಂದು ಮಾತು: ಇದು ನೀವು ಮಾಡುವ ಉಪಕಾರವಲ್ಲ, ನಿಮ್ಮ ಪಾಲಿನ ಕೆಲಸ.

"ಸಿಟ್ಟು ಮಾಡಬಾರದು ಅಂತ ಎಷ್ಟೋ ಸಲ ನಿರ್ಧಾರ ಮಾಡಿದ್ದೇನೆ. ಆ ಕ್ಷಣಕ್ಕೆ ಯಾವುದೂ ನೆನಪಿಗೆ ಬರಲ್ಲ."

ಬರುವುದಿಲ್ಲ, ಸಾರ್. ಸಿಟ್ಟು ನೆತ್ತಿಗೇರಿದ ಮೇಲೆ ನಿರ್ಧಾರಗಳಿಗೆ ಜಾಗವಿರುವುದಿಲ್ಲ. ಅದೇ ನೋಟ್‌ಬುಕ್ಕಿನಲ್ಲಿ ಸಿಟ್ಟು ಬಂದ ಹೊತ್ತು, ಅದಕ್ಕೆ ಎಷ್ಟು ಮೊದಲು ಊಟ ಮಾಡಿದ್ದಿರಿ, ಎದುರಿಗೆ ಯಾರಿದ್ದರು ಎಂದು ಬರೆಯಿರಿ. ಎರಡು ವಾರದಲ್ಲಿ ಒಂದು ಸಾಲು ಎದ್ದು ಕಾಣುವ ಸಾಧ್ಯತೆ ಹೆಚ್ಚು. ಕೆಲಸದಿಂದ ಬಂದು ಹಸಿದಿರುವ ಹೊತ್ತೇ ಆಗಿದ್ದರೆ, ಮನೆಗೆ ಬಂದ ಕೂಡಲೇ ಏನಾದರೂ ತಿಂದು, ಹದಿನೈದು ನಿಮಿಷ ಯಾವ ಲೆಕ್ಕಾಚಾರದ ಮಾತೂ ಬೇಡ ಎಂದು ಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಿ. ಆಮೇಲೆ ನಿಮ್ಮ ಮೊದಲ ಸೂಚನೆ ಯಾವುದೆಂದು ಗುರುತಿಸಿ: ದವಡೆ ಬಿಗಿಯುವುದೋ, ದನಿ ಏರುವುದೋ, ಕಿವಿ ಬಿಸಿಯಾಗುವುದೋ. ಆ ಸೂಚನೆಗೇ ವಾಕ್ಯ ಕಟ್ಟಿ: ದವಡೆ ಬಿಗಿದ ಕೂಡಲೇ "ಇಪ್ಪತ್ತು ನಿಮಿಷ ಬಿಟ್ಟು ಮಾತಾಡೋಣ" ಎಂದು ಹೇಳಿ ಎದ್ದುಹೋಗುತ್ತೇನೆ. ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಲೇಬೇಕು, ಹೇಳಿದ ಹೊತ್ತಿಗೆ ಬರಲೇಬೇಕು. ಹೇಳದೆ ಎದ್ದುಹೋದರೆ ಎದುರಿನವರಿಗೆ ಅದು ಇನ್ನೊಂದು ಬಗೆಯ ಸಿಟ್ಟು. ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ ಅಥವಾ ಕುಡಿತ ಜೊತೆಗಿದ್ದರೆ ನೋಟ್‌ಬುಕ್ಕಿಗೆ ಬಿಡಬೇಡಿ, ವೈದ್ಯರನ್ನು ಕಾಣಿ.

"ಮಗ ನಾಲ್ಕು ವರ್ಷದಿಂದ ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿದ್ದಾನೆ. ಮುಂದುವರಿಸು ಅನ್ನಬೇಕೋ ಬಿಡು ಅನ್ನಬೇಕೋ ಗೊತ್ತಾಗುತ್ತಿಲ್ಲ."

ಇದು ಈ ಸಭೆಯಲ್ಲಿ ಅನೇಕರ ಮನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಆ ಗುರಿ ಯಾರದ್ದು ಎಂದು. ನಾಳೆ ಊರಿನಲ್ಲಿ ಯಾರೂ "ಏನಾಯ್ತಪ್ಪ ನಿನ್ನ ಪರೀಕ್ಷೆ" ಎಂದು ಕೇಳುವುದಿಲ್ಲ ಅಂತಾದರೆ ಆಗಲೂ ಓದುತ್ತೀಯಾ ಎಂದು ಒಮ್ಮೆ ಸಮಾಧಾನದಲ್ಲಿ ಕೇಳಿ, ಬರುವ ಉತ್ತರಕ್ಕೆ ಮುಖ ಗಂಟಿಕ್ಕಬೇಡಿ. ಓದುತ್ತೇನೆ ಎಂದರೆ ಮುಂದಿನ ತೀರ್ಮಾನ ಅಂಕಿಗಳ ಮೇಲೆ ನಿಲ್ಲಲಿ. ಹಿಂದಿನ ಪರೀಕ್ಷೆಗಳಲ್ಲಿ ಅವನ ಅಂಕಕ್ಕೂ ಅವನ ವರ್ಗದ ಕಟ್‌ಆಫ್‌ಗೂ ಎಷ್ಟು ಅಂತರವಿತ್ತು, ಅದು ಕುಗ್ಗುತ್ತಿದೆಯೇ ಎಂದು ನೋಡಿ. ಮೂರು ತಿಂಗಳು, ವಾರಕ್ಕೊಂದು ಅಣಕು ಪರೀಕ್ಷೆ, ಪೂರ್ತಿ ಸಮಯ ಇಟ್ಟು ಬರೆಯಲಿ. ಪ್ರತಿ ತಪ್ಪನ್ನೂ ಮೂರರಲ್ಲಿ ಒಂದು ಕಡೆ ಹಾಕಲಿ: ಓದೇ ಇರಲಿಲ್ಲ, ಓದಿದ್ದೆ ಆದರೆ ನೆನಪಾಗಲಿಲ್ಲ, ಗೊತ್ತಿತ್ತು ಆದರೆ ಅವಸರದಲ್ಲಿ ತಪ್ಪು ಗುರುತು ಹಾಕಿದೆ. ಮೊದಲನೆಯದು ಹೆಚ್ಚಿದ್ದರೆ ಪಠ್ಯಕ್ರಮ ಮುಗಿಸಬೇಕು. ಎರಡನೆಯದು ಹೆಚ್ಚಿದ್ದರೆ ನಾನು ಹೇಳಿದ ಬಿಳಿ ಹಾಳೆಯ ಕ್ರಮ. ಮೂರನೆಯದು ಹೆಚ್ಚಿದ್ದರೆ ಹೊಸದಾಗಿ ಓದುವುದನ್ನು ಕಡಿಮೆ ಮಾಡಿ, ಸಮಯ ಇಟ್ಟು ಬರೆಯುವುದನ್ನು ಹೆಚ್ಚಿಸಬೇಕು; ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಇದೊಂದೇ ಎಷ್ಟೋ ಜನರನ್ನು ಗೆರೆಯ ಕೆಳಗೆ ನಿಲ್ಲಿಸುತ್ತದೆ. ಮೂರು ತಿಂಗಳ ಕೊನೆಗೆ ಅಂತರ ಕುಗ್ಗಿದ್ದರೆ ಇನ್ನೊಂದು ಅಧಿಸೂಚನೆಯವರೆಗೆ ಮುಂದುವರಿಸಿ. ಕುಗ್ಗದಿದ್ದರೆ ಬೇರೆ ದಾರಿ ಹುಡುಕುವುದೆಂದು ಇವತ್ತೇ, ಫಲಿತಾಂಶ ಗೊತ್ತಾಗುವ ಮೊದಲೇ, ಅವನ ಕೈಯಿಂದಲೇ ತಾರೀಖು ಹಾಕಿ ಬರೆಸಿ. ಈ ಮೂರು ತಿಂಗಳು ವಾರಕ್ಕೆ ಹತ್ತು ಗಂಟೆ ಬೇರೊಂದು ಕೆಲಸ, ಲೆಕ್ಕಪತ್ರವೋ ಕಂಪ್ಯೂಟರೋ ತೋಟದ ಯಾವುದಾದರೂ ಜವಾಬ್ದಾರಿಯೋ, ಅವನ ಕೈಯಲ್ಲಿರಲಿ. ಓದಿಗೆ ಅದರಿಂದ ನಷ್ಟವಿಲ್ಲ, ತಾರೀಖು ಬಂದಾಗ ಕೈ ಖಾಲಿ ಇರುವುದಿಲ್ಲ. ನೀವು ಮನೆಯವರು ಅಂಕ ಕೇಳುವುದಾದರೆ ತಿಂಗಳಿಗೆ ಒಂದು ದಿನ ಗೊತ್ತು ಮಾಡಿಕೊಂಡು ಅವತ್ತು ಮಾತ್ರ ಕೇಳಿ, ಉಳಿದ ದಿನ ಊಟಕ್ಕೆ ಕೂತಾಗ ಬೇರೆ ಮಾತಾಡಿ.